ಬೇಕರಿಯ ಅಕ್ಕ ಮೈಕ್ ಹಿಡಿದ ರವಿವಾರ

ಎರಡು ಸಾವಿರದ ಇಸವಿಯ ಆಚೀಚೆಯ ವರ್ಷಗಳು. ರಾಣೆಬೆನ್ನೂರಿನ ಟೈಪಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದ ನನಗೆ ಮಧ್ಯಾಹ್ನದ ಊಟವೆಂದರೆ ಎದುರಿನ ಬೇಕರಿಯ ಸ್ಯಾಂಡ್‌ವಿಚ್. ಬೇಕರಿ ನಡೆಸುತ್ತಿದ್ದವರು ಗಂಡ-ಹೆಂಡತಿ. ಹೆಂಡತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಬ್ಯಾಡಗಿ ಆಕೆಯ ತವರು. ಅಲ್ಲಿಂದ ತಂದ ಹಣ್ಣು ಮೆಣಸಿನಕಾಯಿ ಅರೆದ ರಂಜಕವನ್ನು ಬ್ರೆಡ್ಡಿಗೆ ಸವರಿ, ಸೌತೆಕಾಯಿ, ಉಳ್ಳಾಗಡ್ಡಿ ಇಟ್ಟು, ಬೆಣ್ಣೆ ಹಾಕಿ ಹಂಚಿನ ಮೇಲೆ ಕೆಂಪಗೆ ಸುಡುತ್ತಿದ್ದಳು. ಮೊದಲ ತುತ್ತಿಗೇ ಕಣ್ಣು ಮಂಜಾಗುತ್ತಿತ್ತು. ಆ ಮಂಜಿನೊಳಗೆ ಮೇಲಿನ ಕೋಣೆಯಿಂದ ಹಾಡು ಇಳಿದು ಬರುತ್ತಿತ್ತು. ಲಗ್ನಗಳಲ್ಲಿ ಹಾಡುವ ಆರ್ಕೆಸ್ಟ್ರಾದವರು ಅಲ್ಲಿ ತಾಲೀಮು ನಡೆಸುತ್ತಿದ್ದರು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೇಲೆ ಕೀಬೋರ್ಡು, ಮೈಕು ಎಲ್ಲ ನಿಂತವು. ಹಾಡು ಮಾತ್ರ ನಿಲ್ಲಲಿಲ್ಲ. ಹಂಚಿನ ಮುಂದೆ ಅಕ್ಕ, ತನಗೇ ಅರಿವಿಲ್ಲದೆ, ಮುಂದಿನ ಸಾಲು ಹಾಡುತ್ತಿದ್ದಳು. ನಾವೆಲ್ಲ ಅಗಿಯುವುದನ್ನೂ ಮರೆತು ಕೂತೆವು.

ಕೀಬೋರ್ಡ್ ನುಡಿಸುವವನು ಮೆಟ್ಟಿಲಿಳಿದು ಬಂದ. "ಅಕ್ಕಾರ, ನಮ್ಮ ಹಾಡಾಕಿಗೆ ಗಂಟ್ಲ ಕಟ್ಟೇತ್ರಿ. ರವಿವಾರ ಹಾವೇರ್ಯಾಗ ಲಗ್ನ ಐತಿ. ನೀವ ಬಂದು ಹಾಡ್ರಿ."

"ಅಯ್ಯ, ನಾ ಎಲ್ಲಿ, ಮೈಕ್ ಎಲ್ಲಿ!" ಎಂದು ಆಕೆ ಗಂಡನತ್ತ ನೋಡಿದಳು.

ಆತ ಖಾರಿ ಬಿಸ್ಕತ್ತಿನ ಪೊಟ್ಟಣ ಕಟ್ಟುತ್ತ, ತಲೆ ಎತ್ತದೆ ಹೇಳಿದ: "ನಾ ದಿನಾ ಕೇಳತೇನಿ. ಒಂದಿನ ಮಂದೀನೂ ಕೇಳ್ಲಿ ಬಿಡು."

ಅಕ್ಕ ನನ್ನ ಕೈ ಹಿಡಿದಳು. "ತಂಗಿ, ನೀ ಜೋಡಿ ಬಂದ್ರ ಹೋಗತೇನಿ."

ಹಾವೇರಿಯ ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತಿ ನಡೆದಿತ್ತು. ಮೊದಲ ಸಾಲಿಗೇ ಆಕೆಯ ದನಿ ನಡುಗಿ ಸಿಕ್ಕಿಕೊಂಡಿತು. ತಬಲಾದವನು ಅವಸರ ಮಾಡದೆ ಅದೇ ಠೇಕಾ ನುಡಿಸುತ್ತ ಕಾದ. ಅಕ್ಕ ಕಣ್ಣು ಮುಚ್ಚಿದಳು. ಆಮೇಲೆ ಬಂದ ದನಿ, ಬಿಸಿಲಿಗೆ ಕರಗುವ ಬೆಣ್ಣೆಯಂತೆ ಇಡೀ ಮಂಟಪಕ್ಕೆ ಹರಡಿತು. ಬಡಿಸುವವರು ಬಕೆಟ್ ಹಿಡಿದು ನಿಂತೇಬಿಟ್ಟರು. ಬಾಗಿಲಲ್ಲಿ ಆಕೆಯ ಗಂಡ ನಿಂತಿದ್ದ. ಹೇಳದೆ ಕೇಳದೆ ಅಂಗಡಿ ಮುಚ್ಚಿ ನಮ್ಮ ಹಿಂದಿನ ಬಸ್ಸಿಗೆ ಬಂದಿದ್ದ.

ತಿರುಗಿ ಬರುವಾಗ ಇಳಿಬಿಸಿಲು. ನಾವು ಮೂವರು ಕೂತ ಬಸ್ಸು ಮೋಟೆಬೆನ್ನೂರು ದಾಟಿತು. ಕಿಟಕಿಯಾಚೆಯ ಹೊಲಗಳು ನಿದ್ದೆಯಲ್ಲಿ ಕಂಡಂತೆ ಸರಿಯುತ್ತಿದ್ದವು.

"ಖರೇನ ಚೊಲೋ ಹಾಡಿದ್ನೇನ?" ಅಕ್ಕ ಗಂಡನನ್ನು ಕೇಳಿದಳು.

"ಮುಂದಿನ ರವಿವಾರಾನೂ ಅಂಗಡಿ ಬಂದ್ ಇಡೋಣು," ಎಂದ ಗಂಡ.

ಅಲ್ಲಿಂದ ಮುಂದೆ, ಲಗ್ನದ ಹಂಗಾಮಿನ ರವಿವಾರಗಳಲ್ಲಿ ಆ ಬೇಕರಿಯ ಬಾಗಿಲು ತೆರೆಯುತ್ತಿರಲಿಲ್ಲ.