ಕಪ್ಪು ಪರದೆಯಲ್ಲಿ ನಾನು ಓದಿದ್ದು

ಬಿಳಿ ಪುಟ ಕಣ್ಣಿಗೆ ಹೊಡೆಯತೊಡಗಿ ಕೆಲವು ವಾರಗಳಾಗಿದ್ದವು. ಹುಬ್ಬಳ್ಳಿಯ ಒಂದು ಸುದ್ದಿ ವೆಬ್‌ಸೈಟ್‌ನಲ್ಲಿ ನಾನು ಉಪಸಂಪಾದಕ. ದಿನವಿಡೀ ಪರದೆಯ ಮುಂದೆ ಕೂತು ಸುದ್ದಿ ತಿದ್ದುವುದು ನನ್ನ ಕೆಲಸ. ಅಕ್ಷರಗಳು ಬೆಳಕಿನಲ್ಲಿ ಕರಗುತ್ತಿದ್ದವು.

ಯಾರಿಗೂ ಹೇಳಲಿಲ್ಲ.

ಡಾರ್ಕ್ ಮೋಡ್ ಹಾಕಿಕೊಂಡೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಬಿಸಿಲಿನಿಂದ ಪಡಸಾಲೆಗೆ ಬಂದಂತಾಯಿತು.

"ಏನ್ರಿ ಸರ್, ಕಾಲೇಜ್ ಹುಡುಗರ ಗತೆ ಕರೀ ಸ್ಕ್ರೀನ್ ಹಾಕ್ಕೊಂಡೀರಿ?" ಎಂದು ಪಕ್ಕದ ಮೇಜಿನ ಸಹೋದ್ಯೋಗಿ ಸವಿತಾ ಕಾಡಿಸಿದಳು.

"ಕಣ್ಣಿಗೆ ಛಲೋ ಅಂತವಾ. ನೀನೂ ಹಾಕ್ಕೋ."

ಆದರೆ ನಾಲ್ಕಾರು ಸಾಲು ಓದುವಷ್ಟರಲ್ಲಿ ಬಿಳಿ ಅಕ್ಷರಗಳು ಕಪ್ಪಿನ ಮೇಲೆ ಹರಡಿ ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅರ್ಧ ಓದುತ್ತಿದ್ದೆ, ಅರ್ಧ ಊಹಿಸುತ್ತಿದ್ದೆ. ವರ್ಷಗಟ್ಟಲೆ ಇದೇ ಕೆಲಸ ಮಾಡಿದವನ ಊಹೆ ಸಾಮಾನ್ಯವಾಗಿ ತಪ್ಪುವುದಿಲ್ಲ. ಅದೇ ನನ್ನನ್ನು ಕೆಡಿಸಿತು.

ನಿಧನ ವಾರ್ತೆಯನ್ನು ನಮ್ಮಲ್ಲಿ ಇಬ್ಬರು ನೋಡದೆ ಪ್ರಕಟಿಸುವುದಿಲ್ಲ. ಒಬ್ಬರು ಪರದೆ ನೋಡಿ ಗಟ್ಟಿಯಾಗಿ ಓದಬೇಕು. ಮನೆಯವರು ಕಳಿಸಿದ ಮೂಲವನ್ನು ಹಿಡಿದು ಇನ್ನೊಬ್ಬರು ಕೇಳಬೇಕು. ಅಂದು ಓದುವ ಪಾಳಿ ನನ್ನದು, ಕೇಳುವುದು ಸವಿತಾಳದು. ತೀರಿಕೊಂಡವರು ನಿವೃತ್ತ ಶಿಕ್ಷಕಿ. ಹೆಸರು, ವಯಸ್ಸು ಹೇಗೋ ಓದಿದೆ. ಕೊನೆಯ ಸಾಲು ಕದಡಿಹೋಗಿತ್ತು. ಬಾಯಿ ತಾನೇ ಮುಂದುವರಿಯಿತು: "ಮೃತರಿಗೆ ಪತಿ, ಇಬ್ಬರು ಪುತ್ರರು, ಒಬ್ಬ ಪುತ್ರಿ ಇದ್ದಾರೆ."

ಸವಿತಾ ತಲೆ ಎತ್ತಿದಳು.

"ಸರ್, ಅವರದು ಲಗ್ನಾನ ಆಗಿರಲಿಲ್ಲರಿ. ತಂಗಿ ಒಬ್ಬಾಕಿ ಅದಾರ. ನನ್ನ ಸ್ಕ್ರೀನ್‌ನ್ಯಾಗೂ ಹಂಗ ಐತಿ. ನೀವು ಎಲ್ಲಿಂದ ಓದಿದ್ರಿ?"

ಎದ್ದು ಬಂದು ನನ್ನ ಪರದೆಯನ್ನು ಬಿಳಿಗೆ ತಿರುಗಿಸಿದಳು. "ಈಗ ಓದ್ರಿ."

ನನಗೆ ಕಂಡದ್ದು ಬರೀ ಬೆಳಕು.

ಸತ್ತವರಿಗೆ ನಾನು ಇಲ್ಲದ ಗಂಡನನ್ನು, ಇಲ್ಲದ ಮಕ್ಕಳನ್ನು ಕೊಟ್ಟಿದ್ದೆ.

ಮರುದಿನ ಹೆಂಡತಿ ಶೈಲಾ ನನ್ನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಕ್ಯಾಟರ್ಯಾಕ್ಟ್, ಅಂದರೆ ಕಣ್ಣಿನ ಪೊರೆ. ಜೊತೆಗೆ ಅಸ್ಟಿಗ್ಮ್ಯಾಟಿಸಂ, ಕಣ್ಣಿನ ವಕ್ರತೆಯ ದೋಷ.

"ಬಿಳೀ ಸ್ಕ್ರೀನ್ ಮುಂದ ಪ್ಯೂಪಿಲ್, ಅಂದ್ರ ಕಣ್ಣಿನ ಪಾಪೆ, ಸಣ್ಣದಾಗ್ತೈತ್ರಿ. ನಿಮ್ಮ ಪೊರೆ ನಟ್ಟನಡುವ ಐತಿ, ದಾರೀನ ಮುಚ್ಚತೈತಿ," ಎಂದರು ಡಾಕ್ಟರ್. "ಕರೀ ಸ್ಕ್ರೀನಿಗೆ ಪ್ಯೂಪಿಲ್ ಅಗಲ ಆಗ್ತೈತಿ, ಪೊರೆ ಸುತ್ತಲಿಂದ ಕಾಣ್ತೈತಿ. ಆದ್ರ ಅಸ್ಟಿಗ್ಮ್ಯಾಟಿಸಂ ಇದ್ರ ಬಿಳೀ ಅಕ್ಷರ ಹರಡ್ತಾವ. ಇಷ್ಟ ದಿನ ಹೆಂಗ ಕೆಲಸ ಮಾಡಿದ್ರಿ?"

ನಾನು ಬಾಯಿ ತೆರೆಯುವ ಮೊದಲೇ ಶೈಲಾ ಉತ್ತರಿಸಿದಳು. "ಮನ್ಯಾಗ ಜೀರಿಗಿ ಕೇಳಿದ್ರ ಅದರಂಗ ಕಾಣೋ ಬಡೇಸೋಪ ತಂದು ಕೊಡ್ತಿದ್ರು. ಮನಿ ಕೆಲಸಕ್ಕ ಲಕ್ಷ್ಯ ಇಲ್ಲ ಅಂತ ನಾ ಬೈತಿದ್ದೆ."

ಬಲಗಣ್ಣಿನ ಆಪರೇಷನ್ ಆಗಿದೆ. ಎಡಗಣ್ಣು ಬಾಕಿ. ಹೊಸ ಕನ್ನಡಕ ಹಾಕಿದರೆ ಬಿಳಿ ಪುಟದ ಮೇಲೆ ಕಪ್ಪು ಅಕ್ಷರ ಮತ್ತೆ ನಿಲ್ಲುತ್ತದೆ. ಸಂಜೆಯ ಹೊತ್ತಿಗೆ ಮಾತ್ರ ಎಡಗಣ್ಣು ಅದನ್ನು ಮಸುಕು ಮಾಡುತ್ತದೆ. ಸಂಪಾದಕರಿಗೆ ನಾನೇ ಹೋಗಿ ಎಲ್ಲ ಹೇಳಿದೆ. "ರಜಾ ಬೇಕಂದ್ರ ತಗೋರಿ. ಕಾಣಲಾರದ್ದು ಮಾತ್ರ ಓದಬ್ಯಾಡ್ರಿ," ಎಂದರು.

ಮೊನ್ನೆ ಸಂಜೆ ಓದುವ ಪಾಳಿ ಮತ್ತೆ ಬಂತು. ಮೂರನೇ ಸಾಲಿನಲ್ಲಿ ಒಂದು ಹೆಸರು ಮಂಜಾಗಿತ್ತು. ಊಹೆ ನಾಲಿಗೆಯ ತುದಿಗೆ ಬಂದಿತ್ತು. ಎಲ್ಲರೂ ಕೇಳುತ್ತಿದ್ದರು.

"ಇದು ಕಾಣವಲ್ದವಾ," ಎಂದೆ.

ಸವಿತಾ ಅಕ್ಷರ ದೊಡ್ಡದು ಮಾಡಿದಳು. ಓದಿದೆ.

ನಾನು ಊಹಿಸಿದ್ದ ಹೆಸರು ಅದಾಗಿರಲಿಲ್ಲ.