ವೈಂಡಿಂಗ್ ಚಾಚಾ ಮತ್ತು ಮೂವತ್ತಾರು ಜೋಡಣೆ

ವೈಂಡಿಂಗ್ ಚಾಚಾ ಅವರ ಎಡಗೈ ತೋರುಬೆರಳಿನ ಪಕ್ಕದಲ್ಲಿ ಒಂದು ಸಣ್ಣ ಕಾಲುವೆ ಇತ್ತು. ಅದು ಗಾಯದ ಗುರುತಲ್ಲ. ನಲವತ್ತು ವರ್ಷ ತಾಮ್ರದ ತಂತಿ ಅದೇ ಜಾಗದ ಮೇಲೆ ಹಾದುಹೋಗಿ, ಚರ್ಮ ದಡ್ಡುಗಟ್ಟಿ, ನಡುವೆ ತಂತಿಗೆಂದು ದಾರಿ ಬಿಟ್ಟುಕೊಟ್ಟಿತ್ತು. ಚಹಾ ಕುಡಿಯುವಾಗ ಬಿಸಿ ಗ್ಲಾಸನ್ನು ಆ ಕಾಲುವೆಯ ಮೇಲೆಯೇ ಕೂರಿಸಿಕೊಳ್ಳುತ್ತಿದ್ದರು. ಅಲ್ಲಿ ಅವರಿಗೆ ಸುಡುತ್ತಿರಲಿಲ್ಲ.

ಸಿಂದಗಿಯಲ್ಲಿ ಆಲಮೇಲ ರಸ್ತೆಗೆ, ಒಂದು ಬೇಕರಿಗೂ ಒಂದು ಚಹಾದಂಗಡಿಗೂ ನಡುವೆ ಅವರ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳ ಹಳೆಯ ತಂತಿ ತೆಗೆದು ಹೊಸದು ಸುತ್ತಿ ಕೊಡುವುದು ಕೆಲಸ. ಸುತ್ತು ಎಣಿಸುವಾಗ ಚಾಚಾ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಯಾರಾದರೂ ಕರೆದರೆ, ಎಣಿಕೆ ಎಲ್ಲಿಗೆ ಬಂದಿದೆಯೋ ಅದನ್ನೇ ಜೋರಾಗಿ ಕೂಗುತ್ತಿದ್ದರು.

“ಚಾಚಾ, ನಮ್ಮ ಮೋಟರ್ ಯಾವಾಗ ಆಗ್ತೈತ್ರಿ?”

“ಅರವತ್ತೆರಡು!”

“ಅರವತ್ತೆರಡು ದಿನಾನ? ಅಷ್ಟರಾಗ ಕಬ್ಬು ಒಣಗಿ ಉರವಲ ಆಗ್ತೈತ್ರೀ!”

“ಅರವತ್ಮೂರು!”

ನಾನು ಡಿಪ್ಲೊಮಾ ಎಲೆಕ್ಟ್ರಿಕಲ್ ಮೊದಲನೇ ವರ್ಷದಲ್ಲಿದ್ದಾಗ, ಪ್ರಾಕ್ಟಿಕಲ್ ಪುಸ್ತಕದಲ್ಲಿಯ ಮೋಟರು ನಿಜವಾಗಿ ಹೇಗಿರುತ್ತದೆ ನೋಡೋಣವೆಂದು ಡೈರಿ ಹಿಡಿದು ಹೋದೆ. ಮೊದಲ ದಿನ ಒಂದು ತಾಸು ಹೊರಗೇ ನಿಂತು, ಎಷ್ಟು ಮೋಟರು ಬಂದವು, ಯಾವ ಊರಿನವು ಎಂದು ಬರೆದುಕೊಂಡೆ. ಚಾಚಾ ಕನ್ನಡಕದ ಮೇಲಿಂದ ನೋಡಿದರು. “ಏನ್ ಬರೀಲಿಕ್ಕತ್ತೀ? ಜನಗಣತಿಯಾಕಿ ಏನ್ ನೀ?” ನಾನು ಪುಟ ತೋರಿಸಿದೆ. ಆಲಮೇಲ ಮೂರು, ಇಂಡಿ ಎರಡು, ಗೊಳಸಂಗಿ ಒಂದು. ಓದಿ, ಪಕ್ಕದ ಸ್ಟೂಲಿನ ಮೇಲಿದ್ದ ತಂತಿಯ ಉಂಡೆ ಎತ್ತಿ ಕೆಳಗಿಟ್ಟರು. “ಕೂತ್ಕೊಂಡ್ ಬರಿ ಯವ್ವಾ. ನಿಂತ್ರ ಅಕ್ಷರ ಹೊಳ್ಳ್ಯಾಡ್ತಾವ.”

ಅಂದಿನಿಂದ ದಿನಪತ್ರಿಕೆ ಓದಿ ಹೇಳುವುದೂ ನನ್ನ ಪಾಲಿಗೆ ಬಂತು. ಬೇರೆಯವರು ಕ್ರಿಕೆಟ್ ಸ್ಕೋರು ಕೇಳುವ ಹಾಗೆ ಚಾಚಾ ಕೇಳುತ್ತಿದ್ದರು: “ಇವತ್ತ ಯಾರ್ ಮುಂದ ಅದಾರ ಬೇಟಿ?” ಯಾವ ದೇಶದ ಬ್ಯಾಟರಿ ಬೇಗ ಚಾರ್ಜ್ ಆಗುತ್ತದೆ, ಯಾರ ಕಾರು ದೂರ ಓಡುತ್ತದೆ, ಯಾರ ರಾಕೆಟ್ಟು ಹಾರಿತು, ಎಲ್ಲವೂ ಅವರಿಗೆ ಒಂದೇ ಪಂದ್ಯ. ಹತ್ತು ನಿಮಿಷದಲ್ಲಿ ಚಾರ್ಜ್ ಆಗುವ ಬ್ಯಾಟರಿಯ ಸುದ್ದಿ ಓದಿದ ದಿನ ಚಹಾದ ಗ್ಲಾಸು ನೋಡಿಕೊಂಡು, “ಅಂದ್ರ ನಾ ಇದನ್ನ ಕುಡದು ಮುಗಸೂದರಾಗ? ಯಾ ಅಲ್ಲಾ!” ಎಂದಿದ್ದರು. ಬಸವನ ಬಾಗೇವಾಡಿಗೆ ಮದುವೆಗೆ ಹೋದವರು, ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿ ಸರ್ಕಲ್ಲಿನಲ್ಲಿ ಹೊರಳುವುದನ್ನು ನೋಡುತ್ತ ನಿಂತು ಊಟ ತಪ್ಪಿಸಿಕೊಂಡು ಬಂದಿದ್ದರು. “ಹೊಲದಾಗ ಸೋಲಾರ್ ಬಂದ್ರ ನಿಮ್ಮ ಧಂದೆ ಕುಂತಂಗರೀ” ಎಂದು ಯಾರೋ ಹೆದರಿಸಿದರೆ ಚಾಚಾ ನಕ್ಕುಬಿಟ್ಟರು. “ಕುಂದರ್ಲಿ ಬಿಡು. ಮೋಟರ್ ಸುಡೂದು ನೋಡಿ ನೋಡಿ ನನಗೂ ಸಾಕಾಗೇತಿ.”

ಈಗ ನಾನು ಹೇಳಬೇಕಾದದ್ದು ೨೦೨೩ರ ಆಗಸ್ಟ್ ೧೯ರಿಂದ ೨೪ರವರೆಗಿನ ಆರು ದಿನಗಳ ಮಾತು.

ನಮ್ಮ ಅವ್ವ ಬ್ಯಾಟರಿ ಆಟೊ ಓಡಿಸುತ್ತಾಳೆ. ಆಗ ನಮ್ಮ ಓಣಿಯ ಹನ್ನೊಂದು ಮಕ್ಕಳನ್ನು ಎರಡು ಸರ್ತಿಯಲ್ಲಿ ಸಾಲೆಗೆ ಬಿಡುತ್ತಿದ್ದಳು. ಶನಿವಾರ ಮಳೆನೀರಿನ ತಗ್ಗಿನಲ್ಲಿ ಗಾಡಿ ನಿಂತುಬಿಟ್ಟಿತು. ಮೋಟರು ಸುಟ್ಟ ವಾಸನೆ. ಗಾಡಿ ಕೊಟ್ಟ ಅಂಗಡಿಯವರು ಹೊಸ ಮೋಟರು ಬರಲು ಇಪ್ಪತ್ತು ದಿನ ಎಂದರು. ರವಿವಾರ ರಜೆ, ಸೋಮವಾರ ನಾಗರಪಂಚಮಿ. ಮಂಗಳವಾರ, ಬುಧವಾರಕ್ಕೆ ಒಬ್ಬ ಡೀಸೆಲ್ ಆಟೊದವನನ್ನು ಅವ್ವ ಕೈಮುಗಿದು ಒಪ್ಪಿಸಿದಳು. ಮಕ್ಕಳ ಮನೆಯವರು ಒಂದೇ ಮಾತು ಹೇಳಿದರು: ಗುರುವಾರ ಮುಂಜಾನೆ ನಿನ್ನ ಗಾಡಿ ಬಂದರೆ ಸರಿ, ಇಲ್ಲದಿದ್ದರೆ ಇನ್ನು ಅವನೇ ಕಾಯಂ.

“ಚಾಚಾ, ನೀವು ಇಂಥಾ ಮೋಟರ್ ಬಿಚ್ಚೀರೇನ್ರಿ?” ಅವ್ವ ಕೇಳಿದಳು.

“ಇಲ್ಲವಾ. ಆದ್ರ ತಾಮ್ರ ತಾಮ್ರನ ಅಲ್ಲೇನು?”

ರವಿವಾರ ಮಧ್ಯಾಹ್ನ ಬಿಚ್ಚಿದೆವು. ತಂತಿ ಸುತ್ತಿದ ಹಲ್ಲುಗಳ ಕಬ್ಬಿಣದ ಚಕ್ರ ಹೊರಬಂತು. ಒಂದು ಸುರುಳಿ ಕತ್ತರಿಸಿ ಎಣಿಸಿದೆವು. ಹನ್ನೆರಡು ಎಳೆ ಒಟ್ಟಿಗೆ, ಒಂದು ಹಲ್ಲಿಗೆ ಒಂಬತ್ತು ಸುತ್ತು. ಬರೆದುಕೊಂಡೆ. ಆಮೇಲೆ ಚಾಚಾ ನಲವತ್ತು ವರ್ಷದಿಂದ ಪ್ರತಿ ಪಂಪ್‌ಸೆಟ್ಟಿಗೆ ಮಾಡಿದ್ದನ್ನೇ ಮಾಡಿದರು. ಚಕ್ರವನ್ನು ಹಿತ್ತಲಿಗೆ ಒಯ್ದು, ಸೀಮೆಎಣ್ಣೆ ಸುರಿದು, ಕಡ್ಡಿ ಗೀರಿದರು. ಹಳೆಯ ವಾರ್ನಿಷ್ ಸುಟ್ಟರೆ ಅಂಟಿಕೊಂಡ ತಂತಿ ಸಡಿಲಾಗಿ ಎಳೆಯಲು ಬರುತ್ತದೆ.

ತಂತಿ ಚೆನ್ನಾಗಿಯೇ ಬಂತು. ಆದರೆ ಹಲ್ಲುಗಳ ಸಂದಿಯಲ್ಲಿ ಮೂರು ಕಡೆ ಕಾಳುಮೆಣಸಿನಷ್ಟು ಕರಿ ಬೂದಿ ಇತ್ತು. ಹತ್ತಿರ ಬಗ್ಗಿ ನೋಡಿದೆ. ಅವು ಸೆನ್ಸರುಗಳು. ಒಳಗೆ ತಿರುಗುವ ಆಯಸ್ಕಾಂತ ಈಗ ಎಲ್ಲಿದೆ ಎಂದು ಗಾಡಿಯ ಕಂಟ್ರೋಲರ್ ಡಬ್ಬಿಗೆ ಹೇಳುವ ಕಣ್ಣುಗಳು. ಪಂಪ್‌ಸೆಟ್ಟಿನಲ್ಲಿ ಅವು ಇರುವುದೇ ಇಲ್ಲ. ನಾನು ಓದಿದ್ದೆ, ಆದರೂ ಬೆಂಕಿ ಹಚ್ಚುವಾಗ ನೆನಪಾಗಲಿಲ್ಲ.

ನಾನು ಹೇಳಿದ್ದನ್ನು ಕೇಳಿ ಚಾಚಾ ಬೂದಿಯನ್ನು ಬೆರಳಿನಿಂದ ಒರೆಸಿ ನೋಡಿದರು. ಅವ್ವ ಅಲ್ಲೇ ನಿಂತಿದ್ದಳು.

“ಡೈರಿ ತಗಿ,” ಎಂದರು. “ಇವತ್ತಿನ ತಾರೀಖ ಹಾಕು. ವೈಂಡಿಂಗ್‌ದಾಂವ ನೋಡದ ಸುಟ್ಟ, ಅಂತ ಬರಿ.”

“ತಪ್ಪು ನಂದೂ ಐತ್ರಿ ಚಾಚಾ.”

“ನಿಂದು ನಿನ್ನ ಸಾಲಿನ್ಯಾಗ ಬರಕೋ. ಮೊದಲ ನಂದು ಬರಿ. ತಪ್ಪು ಬರದಿಟ್ರ ಅದು ಅಲ್ಲೇ ಕುಂದರ್ತೈತಿ, ಕೈಯಾಗ ನಡುಕ ಆಗಿ ಬರಂಗಿಲ್ಲ.”

ಎರಡೂ ಬರೆದೆ. ಪುಟ ಇನ್ನೂ ಇದೆ.

ಸೋಮವಾರ ಪಂಚಮಿ ಉಂಡಿ ಕೊಡಲು ಅವರ ಮನೆಗೆ ಹೋದರೆ ಚಾಚಾ ಇರಲಿಲ್ಲ. ಮೊದಲ ಬಸ್ಸಿಗೇ ವಿಜಯಪುರಕ್ಕೆ ಹೋಗಿ, ಅಂಗಡಿ ಬಾಗಿಲು ಹಾಕಿದ್ದ ಒಬ್ಬ ಟಿ.ವಿ. ರಿಪೇರಿಯವನ ಮನೆ ಹುಡುಕಿ, ಹಬ್ಬದೂಟದಿಂದ ಅವನನ್ನು ಎಬ್ಬಿಸಿ, ಸಂಜೆಗೆ ಐದು ಸೆನ್ಸರು ತಂದರು. ಅಂದಿನ ಪತ್ರಿಕೆಯಲ್ಲಿ, ಚಂದ್ರನ ಮೇಲೆ ನಮಗಿಂತ ಮೊದಲು ಇಳಿಯಬೇಕಿದ್ದ ರಷ್ಯಾದ ನೌಕೆ ಬಡಿದು ಒಡೆದುಹೋದ ಸುದ್ದಿ ಇತ್ತು. ಚಹಾದಂಗಡಿಯ ಕಟ್ಟೆಯ ಮೇಲೆ ಒಬ್ಬ, “ಚಲೋ ಆತು, ಇನ್ನ ನಮ್ಮದ ಮೊದಲ!” ಎಂದು ಚಪ್ಪಾಳೆ ತಟ್ಟಿದ. ಚಾಚಾ ತಟ್ಟಲಿಲ್ಲ. “ಅದರಾಗೂ ಮೋಟರ್ ಇರ್ತಾವ. ಅವನ್ನ ಸುತ್ತಿದಾಂವ ಒಬ್ಬ ಇದ್ದ ಇರ್ತಾನ. ಅಂವ ನಿನ್ನೆ ಉಂಡಿರಂಗಿಲ್ಲ ನೋಡು,” ಎಂದರು. ಆಮೇಲೆ ತಡೆದು, “ಆದ್ರ ನಮ್ಮದು ಇಳೀಬೇಕು. ಇಳದ ತೀರಬೇಕು,” ಎಂದರು.

ಮಂಗಳವಾರವೆಲ್ಲ ಸುತ್ತುವುದೇ ಆಯಿತು. ಅವರು ಸುತ್ತಿದರು, ನಾನು ಪ್ರತಿ ಹಲ್ಲಿಗೂ ಗೆರೆ ಎಳೆದೆ. ಬುಧವಾರ ಮೋಡ. ಹೊಸ ತಂತಿಗೆ ಬಳಿದ ವಾರ್ನಿಷ್ ಒಣಗಲು ಬಿಸಿಲಿಲ್ಲ. ಪಕ್ಕದ ಬೇಕರಿಯವನ ಭಟ್ಟಿ ಆರುತ್ತ ಬಂದಿತ್ತು. ಸೆನ್ಸರು ಕೂರಿಸುವ ಮೊದಲು ಚಕ್ರವನ್ನು ಅದರೊಳಗೆ ಇಟ್ಟೆವು.

“ಚಾಚಾ, ನಾಳೆ ನನ್ನ ಖಾರಿ ಬಿಸ್ಕೀಟಿಗೆ ವಾರ್ನಿಷ್ ವಾಸನಿ ಬಂತಂದ್ರ ಗಿರಾಕಿನೆಲ್ಲಾ ನಿಮ್ಮ ಕಡೆ ಕಳಸ್ತೇನಿ ನೋಡ್ರಿ.”

“ಕಳಸು. ಖಾರಿ ಸುಟ್ಟಿದ್ರ ಅದನ್ನೂ ರಿಪೇರಿ ಮಾಡಿ ಕೊಡ್ತೇನಿ.”

ನಾಲ್ಕು ಗಂಟೆಗೆ ಸೆನ್ಸರು ಅಂಟಿಸಿ, ಮೋಟರು ಕೂಡಿಸಿ, ಗಾಡಿಯ ಹಿಂದಿನ ಗಾಲಿಗಳನ್ನು ಜಾಕ್ ಮೇಲೆ ಎತ್ತಿದೆವು. ಆಗ ಎದುರಾದದ್ದು ನಿಜವಾದ ಕಗ್ಗಂಟು. ಮೋಟರಿನಿಂದ ಮೂರು ದಪ್ಪ ತಂತಿ, ಸೆನ್ಸರಿನಿಂದ ಮೂರು ಸಣ್ಣ ತಂತಿ. ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂಬ ಗುರುತು ಬೆಂಕಿಯಲ್ಲಿ ಹೋಗಿತ್ತು. ದಪ್ಪ ತಂತಿಗೆ ಆರು ಬಗೆ, ಸಣ್ಣದಕ್ಕೆ ಆರು ಬಗೆ. ನಾನು ಡೈರಿಯಲ್ಲಿ ಆರು ಸಾಲು, ಆರು ಕಂಬ ಎಳೆದೆ. ಮೂವತ್ತಾರು ಮನೆ. ತಪ್ಪು ಜೋಡಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕರೆಂಟು ಬಿಟ್ಟರೆ ಕಂಟ್ರೋಲರ್ ಸುಡುತ್ತದೆ. ಅದೂ ಸುಟ್ಟರೆ ಗುರುವಾರದ ಮಾತೇ ಇಲ್ಲ.

“ಯವ್ವಾ, ನೀ ಹಿಡಿಕಿ ಹೊಳ್ಳಸು. ಮುಟ್ಟಿದಂಗ ಮಾಡಿ ಬಿಡು,” ಎಂದು ಚಾಚಾ ಎಕ್ಸಲರೇಟರ್ ಹಿಡಿಕೆ ತೋರಿಸಿ ಅವ್ವನಿಗೆ ಹೇಳಿದರು. ತಾವು ಕಿವಿಯನ್ನು ಮೋಟರಿಗೆ ಹಚ್ಚಿ ಕುಕ್ಕರುಗಾಲಿನಲ್ಲಿ ಕೂತರು. ನಾನು ತಂತಿ ಬದಲಿಸಬೇಕು, ಅವರು ಕೇಳಿಸಿದ್ದನ್ನು ಹೇಳಬೇಕು, ಅದನ್ನು ಮನೆಯೊಳಗೆ ಬರೆಯಬೇಕು. ನಡುಗ್ತು. ಗುಂಯ್ ಅಂತು. ಸುಮ್ಮನ ಐತಿ. ನಡುಗ್ತು. ಬಿಡು ಬಿಡು ಬಿಡು, ಬಿಸಿ ಆತು!

ಪಕ್ಕದ ಚಹಾದಂಗಡಿಯ ಟಿ.ವಿ. ಮುಂದೆ ಜನ ಸೇರತೊಡಗಿದ್ದರು. ಸಂಜೆ ಆರು ದಾಟುತ್ತಲೇ ನಮ್ಮ ನೌಕೆ ಚಂದ್ರನ ಮೇಲೆ ಇಳಿಯುವುದಿತ್ತು. ಆ ಡೀಸೆಲ್ ಆಟೊದವನೂ ಬಂದ. ಗಾಲಿ ಎತ್ತಿ ನಿಲ್ಲಿಸಿದ ಗಾಡಿ ನೋಡಿ ಅವನಿಗೆ ಖುಷಿಯೋ ಖುಷಿ.

“ಅಕ್ಕಾ, ಅವ್ರು ಇವತ್ತ ಚಂದ್ರನ್ನ ಮುಟ್ತಾರ, ನಿನ್ನ ಗಾಡಿ ನಾಳೆ ಸಾಲಿ ಮುಟ್ಟೂದು ದೂರ ಐತಿ.”

ಅವ್ವ ಹಿಡಿಕೆ ಬಿಡದೆ ಹೇಳಿದಳು: “ಚಂದ್ರಕ್ಕ ಹೋದದ್ದು ಡೀಸೆಲ್ ಹಾಕ್ಕೊಂಡ ಅಲ್ಲೋ ತಮ್ಮಾ.”

ಕಟ್ಟೆಯ ಮೇಲಿದ್ದವರೆಲ್ಲ ಹೋ ಎಂದರು. ಚಾಚಾ ಮಾತ್ರ, “ನಗಬ್ಯಾಡ್ರೋ, ನನಗ ಮೋಟರ್ ಕೇಳವಲ್ದು!” ಎಂದು ಗದರಿದರು.

ಹದಿನಾರನೆಯ ಮನೆಯಲ್ಲಿ ಗಾಲಿ ಬೆಣ್ಣೆಯ ಹಾಗೆ ತಿರುಗಿತು. ಆದರೆ ಹಿಂದಕ್ಕೆ. ಡೀಸೆಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಚಾಚಾ, ಸಾಲಿಮಕ್ಕಳು ವಾಪಸ್ ಮನಿಗೆ ಹೊಂಟ್ರಲ್ರೀ!” ಚಾಚಾ ಅವನ ಕಡೆ ನೋಡಲೇ ಇಲ್ಲ. ಅವರ ಮುಖ ಅರಳಿತ್ತು. “ನೆಟ್ಟಗ ತಿರುಗ್ತು! ಹಿಂದಕ್ಕಾದ್ರೂ ನೆಟ್ಟಗ ತಿರುಗ್ತಲ್ಲ! ಪಂಪು ಉಲ್ಟಾ ತಿರುಗಿದ್ರ ಏನ್ ಮಾಡ್ತೀವಿ? ಎರಡು ವಾಯರ್ ಅದಲ್ ಬದಲ್!”

ದಪ್ಪ ತಂತಿ ಎರಡನ್ನು ಬದಲಿಸಿದೆವು. ಮತ್ತೆ ನಡುಗಿತು. ಚಾಚಾ ನನ್ನನ್ನು ನೋಡಿದರು. ನಾನು ಕೋಷ್ಟಕ ನೋಡಿದೆ. ಆಗ ಹೊಳೆಯಿತು. ಪಂಪಿಗೆ ಕಣ್ಣಿಲ್ಲ, ಇದಕ್ಕೆ ಕಣ್ಣಿದೆ. ದಪ್ಪ ತಂತಿಯ ಕ್ರಮ ಅವರು ಹೇಳಿದ್ದೇ ಸರಿ, ಈಗ ಕಣ್ಣುಗಳನ್ನೂ ಅದಕ್ಕೆ ಹೊಂದಿಸಬೇಕು. ಅಂದರೆ ಉಳಿದ ಮನೆಗಳನ್ನೆಲ್ಲ ನೋಡಬೇಕಿಲ್ಲ, ಈ ಸಾಲಿನಲ್ಲಿ ಬಾಕಿ ಇರುವವು ಐದೇ.

“ಐದ ಉಳದಾವ್ರಿ ಚಾಚಾ!”

“ಐದ? ಖರೇನ? ಹಂಗಾರ ಓಡಸು!”

ಮೊದಲನೆಯದು ನಡುಗಿತು. ಎರಡನೆಯದು ಗುಂಯ್ ಎಂದಿತು. ಮೂರನೆಯದಕ್ಕೆ ಅವ್ವ ಹಿಡಿಕೆ ಮುಟ್ಟಿದಳು, ಗಾಲಿ ಮುಂದಕ್ಕೆ ಹೊರಟಿತು. ಸದ್ದೇ ಇಲ್ಲ, ಗಾಳಿ ಸರಿದ ಹಾಗೆ. ಅವ್ವ ಹೆದರಿ ಬಿಟ್ಟುಬಿಟ್ಟಳು. “ಬಿಡಬ್ಯಾಡ! ಕೊಡು, ಇನ್ನೊಂದೀಟು ಕೊಡು!” ಎಂದು ಚಾಚಾ ಎದ್ದುನಿಂತು ಕೂಗಿದರು. ಗಾಲಿಯ ಕಡ್ಡಿಗಳು ಕಾಣದಾದವು. ನಾನು ಗಡಿಯಾರ ನೋಡಿ ಬರೆದೆ: ೫.೪೧.

ಆಮೇಲೆ ಮೂವರೂ ಹೋಗಿ ಟಿ.ವಿ. ಮುಂದಿನ ಗುಂಪಿನ ಹಿಂದೆ ನಿಂತೆವು. ಪರದೆಯ ಮೇಲೆ ಒಂದು ಗೆರೆ ಇಳಿಯುತ್ತ ಇಳಿಯುತ್ತ ಬಂತು. ೬.೦೪ಕ್ಕೆ ಇಡೀ ರಸ್ತೆ ಕೂಗಿತು. ಬೇಕರಿಯವನು ಕೈಗೆ ಸಿಕ್ಕ ಬಿಸ್ಕೀಟೆಲ್ಲ ಹಂಚಿದ. ಡೀಸೆಲಿನವನು ಅವ್ವನಿಗೇ ಮೊದಲು ಪೇಢೆ ಕೊಟ್ಟ. ಚಾಚಾ ಕರಿ ಹತ್ತಿದ ಎರಡೂ ಕೈ ಮೇಲೆತ್ತಿದರು, ಕಣ್ಣು ಒರೆಸಿಕೊಂಡು ಮುಖವೆಲ್ಲ ಕರಿ ಮಾಡಿಕೊಂಡರು. “ಸುತ್ತಿದಾಂವ ಯಾರೋ, ಅಂವ ಇವತ್ತ ಹೊಟ್ಟಿತುಂಬ ಉಣ್ಣಲಿ,” ಎಂದರು.

ಗುರುವಾರ ಮುಂಜಾನೆ ನಮ್ಮ ಓಣಿಗೆ ಅವರೇ ನಡೆದು ಬಂದರು. ಹಿಂದಿನ ಸೀಟಿನಲ್ಲಿ ಆರು ಮಕ್ಕಳ ನಡುವೆ ಇಕ್ಕಟ್ಟಾಗಿ ಕೂತು, ದಾರಿಯುದ್ದಕ್ಕೂ ತಲೆ ಬಗ್ಗಿಸಿ ಮೋಟರಿನ ಸದ್ದು ಕೇಳಿದರು. “ಅಜ್ಜಾ, ನೀವೂ ಸಾಲಿಗೆ ಬರ್ತೀರೇನ್ರಿ?” ಎಂದು ಒಂದು ಹುಡುಗಿ ಕೇಳಿತು. “ಹೌದವಾ, ನಿನ್ನೆ ಹೆಸರು ಹಚ್ಚೇನಿ,” ಎಂದರು.

ಆ ಆಗಸ್ಟಿನಿಂದ ಅವರ ಕೊನೆಯ ಕೆಲಸದವರೆಗೆ ಅವರ ಕೈಗೆ ಬಂದ ಬ್ಯಾಟರಿ ಗಾಡಿಗಳ ಮೋಟರು ಐವತ್ಮೂರು. ಸಿಂದಗಿಯವು ಇಪ್ಪತ್ತೆರಡು, ಇಂಡಿಯವು ಹದಿನಾಲ್ಕು, ಮುದ್ದೇಬಿಹಾಳದವು ಒಂಬತ್ತು, ಬಾಗೇವಾಡಿಯವು ಎಂಟು. ಅವುಗಳಲ್ಲಿ ಒಂದು ಆ ಡೀಸೆಲಿನವನದೇ, ಅವನೂ ಬ್ಯಾಟರಿ ಆಟೊ ತಗೊಂಡಿದ್ದ. “ಬಾರೋ ಚಂದ್ರಾಮಾ,” ಎಂದು ಚಾಚಾ ಆ ಸಂಜೆಯ ಚಂದ್ರನ ಮಾತು ನೆನಪಿಸಿ ಅವನನ್ನು ಒಳಗೆ ಕರೆದರು. ಯಾವ ಮೋಟರಿಗೂ ಮತ್ತೆ ಬೆಂಕಿ ಹಚ್ಚಲಿಲ್ಲ. ಬಿಸಿಗಾಳಿ ಊದಿ ತಂತಿ ತೆಗೆಯುವುದನ್ನು ಕಲಿತು, ನನಗೂ ಕಲಿಸಿದರು. ನಾನೀಗ ಬಸವನ ಬಾಗೇವಾಡಿ ಕಡೆಯ ಗಾಳಿಯಂತ್ರಗಳ ದುರಸ್ತಿ ತಂಡದಲ್ಲಿದ್ದೇನೆ. ಸಂದರ್ಶನದಲ್ಲಿ ಏನು ಬರುತ್ತದೆ ಎಂದು ಕೇಳಿದಾಗ ಆ ಮೂವತ್ತಾರು ಮನೆಯ ಪುಟವನ್ನೇ ತೋರಿಸಿದ್ದೆ, ಹಿಂದಿನ ಪುಟದ ಎರಡು ತಪ್ಪುಗಳ ಸಮೇತ.

ಈ ಜನವರಿಯಲ್ಲಿ ಚಾಚಾ ತೀರಿಕೊಂಡರು. ನಡೆಯಲಾಗದ ಹಿರಿಯರನ್ನು ಖಬರಸ್ತಾನದ ಬಾಗಿಲವರೆಗೆ ಅವ್ವನೇ ತನ್ನ ಗಾಡಿಯಲ್ಲಿ ಬಿಟ್ಟು ಬಂದಳು, ನಾಲ್ಕು ಸರ್ತಿ.

ಇವತ್ತು ಮುಂಜಾನೆ ಆ ಗಾಡಿಯ ಮೀಟರು ನೋಡಿ ಬರೆದುಕೊಂಡೆ. ಆ ಬುಧವಾರದಿಂದ ಈಚೆಗೆ ಮೂವತ್ತೊಂದು ಸಾವಿರದ ನಾನೂರ ಎಂಟು ಕಿಲೋಮೀಟರು ಓಡಿದೆ. ಬ್ಯಾಟರಿ ಒಮ್ಮೆ ಬದಲಾಗಿದೆ, ಟೈರು ಮೂರು ಸಲ, ಬ್ರೇಕು ಎಷ್ಟು ಸಲವೆಂದು ಅವ್ವನಿಗೇ ಗೊತ್ತು. ಮೋಟರಿನ ಬೋಲ್ಟು ಬಿಚ್ಚಲು ಇಂದಿನವರೆಗೂ ಯಾರೂ ಪಾನಾ ಹಚ್ಚಿಲ್ಲ.