ಗಿರಮಲ್ಲಪ್ಪನ ಸೋಲಾರ್ ಮತ್ತು ಮೀಸೆ

ಬನಹಟ್ಟಿಯ ಗಿರಮಲ್ಲಪ್ಪ ಏಳು ಮಕ್ಕಳಲ್ಲಿ ಏಳನೆಯವನು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಅವನ ಮುಂದಿನ ಹುಚ್ಚಾಟಕ್ಕೆಲ್ಲ ಇದೇ ಮೂಲ. ಅವನು ಹುಟ್ಟಿದ ಮನೆಯಲ್ಲಿ ಇದ್ದದ್ದು ಒಂದೇ ಹಂಡೆ, ಒಂದೇ ಬಚ್ಚಲೊಲೆ. ದೊಡ್ಡವರಿಂದ ಶುರುವಾದ ಸ್ನಾನದ ಸರದಿ ಅವನ ಹತ್ತಿರ ಬರುವ ಹೊತ್ತಿಗೆ ಹಂಡೆಯ ತಳದಲ್ಲಿ ಎರಡು ತಂಬಿಗೆ ತಣ್ಣೀರು, ಒಂದಿಷ್ಟು ಬೂದಿ ಉಳಿದಿರುತ್ತಿದ್ದವು. ಅವನ ವಯಸ್ಸು ಐವತ್ತನಾಲ್ಕಾಗಿತ್ತು, ಮನೆಯಲ್ಲಿ ಎರಡು ಪವರ್‌ಲೂಮು ನಡೆಯುತ್ತಿದ್ದವು, ಮೂಗಿನ ಕೆಳಗೆ ಊರೇ ನೋಡುವಂಥ ಮೀಸೆಯಿತ್ತು. ಆದರೂ ಬಚ್ಚಲಿಗೆ ಕಾಲಿಟ್ಟರೆ ಸಾಕು, ಆ ಎರಡು ತಂಬಿಗೆ ನೆನಪಾಗಿ ಅವನ ಮೈ ಜುಮ್ಮೆನ್ನುತ್ತಿತ್ತು.

ಹೀಗಾಗಿ ೨೦೧೦ರ ದೀಪಾವಳಿ ಮುಗಿದ ವಾರವೇ ಅವನು ಮಾಳಿಗೆಯ ಮೇಲೆ ಸೋಲಾರ್ ಕೂಡಿಸಿದ. ಇನ್ನೂರು ಲೀಟರಿನ ಟ್ಯಾಂಕು, ಅದರ ಕೆಳಗೆ ಇಳಿಜಾರಾಗಿ ಎರಡು ದೊಡ್ಡ ಕರಿ ಗಾಜಿನ ಹಲಗೆ, ಪಕ್ಕದಲ್ಲಿ ಒಂದು ಫ್ಯಾನು ಎರಡು ದೀಪ ನಡೆಸುವಷ್ಟು ಕರೆಂಟು ಕೊಡುವ ಸಣ್ಣ ಪ್ಯಾನಲ್ಲು. ಇಷ್ಟಕ್ಕೆಲ್ಲ ಜಾಗ ಬೇಕಲ್ಲ? ದಿನವಿಡೀ ಬಿಸಿಲು ಬೀಳುವ ಮೂಲೆಯಲ್ಲಿ ಅವನ ಹೆಂಡತಿ ಪದ್ಮವ್ವ ಗಂಜಿ ಹಾಕಿದ ನೂಲು ಒಣಗಿಸಲು ನಿಲ್ಲಿಸಿದ್ದ ನಾಲ್ಕು ಬಿದಿರು ಗಳಗಳಿದ್ದವು. ಗಿರಮಲ್ಲಪ್ಪ ಅವನ್ನು ಕಿತ್ತು ಹಿತ್ತಲಿಗೆ ಎಸೆದ. ಹೆಂಡತಿಯನ್ನು ಒಂದು ಮಾತು ಕೇಳಿದನೇ ಎಂದರೆ, ಇಲ್ಲ. ಮೇಲಾಗಿ ಸುಣ್ಣದಲ್ಲಿ ದಪ್ಪಗೆ ‘ಯಾರೂ ಮುಟ್ಟಬಾರದು’ ಎಂದು ಗೋಡೆಗೆ ಬರೆದ.

ಸೋಲಾರ್ ಕೂಡಿಸಲು ಜಮಖಂಡಿಯಿಂದ ಬಂದಿದ್ದ ಶೀತಲ್ ಎಂಬ ಮೆಕ್ಯಾನಿಕ್ ಹೋಗುವಾಗ ಒಂದು ಉಷ್ಣಮಾಪಕ ಕೊಟ್ಟು ಹೋದ. ಕೊಡಬಾರದಿತ್ತು. ಅಂದಿನಿಂದ ಗಿರಮಲ್ಲಪ್ಪ ಒಂದು ನೋಟುಬುಕ್ ಹಿಡಿದ. ನೀರು ಇಷ್ಟು ಡಿಗ್ರಿ, ಫ್ಯಾನು ಇಷ್ಟು ತಾಸು ತಿರುಗಿತು ಎಂದು ದಿನಾ ಬರೆಯುತ್ತಿದ್ದ. ಚಳಿಗಾಲದಲ್ಲಿ ಐವತ್ತೈದು ದಾಟಿತು. ಚಹಾದಂಗಡಿಯಲ್ಲಿ ಯಾರಾದರೂ ಮಳೆಯ ಮಾತೆತ್ತಿದರೂ ಅವನು ನೋಟುಬುಕ್ ತೆಗೆಯುವುದು ನೋಡಿ ಜನ ಚಹಾ ಅರ್ಧಕ್ಕೇ ಬಿಟ್ಟು ಏಳತೊಡಗಿದರು.

ಶಿವರಾತ್ರಿಗೆ ಅನಗವಾಡಿಯಿಂದ ಚಿಕ್ಕಪ್ಪನ ಮಗಳು, ತಂಗಿ ಶೈಲಾಳ ಗಂಡ ಹೊಳಬಸಪ್ಪ ಬಂದ. ಜಾಲಿ ಕಟ್ಟಿಗೆಯಲ್ಲಿ ಕಾಯಿಸಿದ ನೀರೇ ನೀರು ಎನ್ನುವ ಮನುಷ್ಯ.

“ಬಿಸಲಾಗ ನೀರಿಟ್ರ ಎಮ್ಮಿ ಮೈ ತೊಳ್ಯಾಕ ಆಕ್ಕೈತ್ರಿ, ಮನಷ್ಯಾರಿಗೆ ಸಾಲೂದಿಲ್ಲ,” ಎಂದ.

ಗಿರಮಲ್ಲಪ್ಪನಿಗೆ ರೇಗಿತು. “ಯುಗಾದಿಗೆ ಮನೀ ಮಂದೀನೆಲ್ಲಾ ಕರ್ಕೊಂಡ ಬಾ. ಏಳೂ ಮಂದಿ ಜಳಕಾ ಮಾಡ್ರಿ. ಕಡೀಕ ಮಾಡಾವ್ಗೂ ನೀರು ಸುಡಲಿಲ್ಲಂದ್ರ ಈ ಮೀಸಿ ತಗಸ್ತೇನಿ!”

“ಕಡೀಕ ನಾನ ಮಾಡ್ತೇನ್ರಿ,” ಎಂದು ಹೊಳಬಸಪ್ಪ ನಕ್ಕ.

ಗಿರಮಲ್ಲಪ್ಪನಿಗೆ ಹೆದರಿಕೆ ಇರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಬನಹಟ್ಟಿಯ ಬಿಸಿಲಿಗೆ ನೀರು ಕುದಿಯಲೇಬೇಕು. ಆದರೆ ಕುದಿಯಲಿಲ್ಲ. ಬಿಸಿಲು ಏರಿದ ಹಾಗೆ ನೀರು ಇಳಿಯಿತು. ಐವತ್ತು, ನಲವತ್ತಾರು, ನಲವತ್ತೊಂದು. ರಾತ್ರಿ ಊಟ ಮುಗಿಯುವವರೆಗೆ ತಿರುಗುತ್ತಿದ್ದ ಫ್ಯಾನು ದೀಪ ಹಚ್ಚುವ ಹೊತ್ತಿಗೇ ಕೈಚೆಲ್ಲಿತು. ಗಾಜಿನ ಮೇಲೆ ಕೆಂಪು ಹನಿಗಳು ಬೇರೆ ಕಾಣಿಸಿದವು. ಹೋಳಿ ಈಗಷ್ಟೇ ಮುಗಿದಿತ್ತು, ಓಣಿಯ ಹುಡುಗರು ಬಣ್ಣ ಎರಚಿದ್ದಾರೆ ಎಂದು ಅವನು ಹಾದಿ ಬೀದಿಯಲ್ಲಿ ನಿಂತು ಬೈದ. ಶೀತಲ್‌ನನ್ನು ಕರೆಸಿದ. ಶೀತಲ್ ಬಂದು, ಪೈಪು ತಟ್ಟಿ, ತಂತಿ ಎಳೆದು ನೋಡಿ, “ಎಲ್ಲಾ ಬರೋಬ್ಬರಿ ಐತ್ರಿ,” ಎಂದು ಹೋದ. ಕೊನೆಗೆ ಗಿರಮಲ್ಲಪ್ಪ ಸೂರ್ಯನ ಮೇಲೆಯೇ ಸಂಶಯಪಟ್ಟ. ಮೊದಲಿನ ಸೂರ್ಯ ಈಗಿಲ್ಲ ಎಂದು ಚಹಾದಂಗಡಿಯಲ್ಲಿ ಹೇಳಿ ನಗೆಪಾಟಲಾದ.

ಇಡೀ ಓಣಿಯಲ್ಲಿ ಗುಟ್ಟು ತಿಳಿಯದವನು ಅವನೊಬ್ಬನೇ. ಗಳ ಕಿತ್ತ ಮೇಲೆ ಪದ್ಮವ್ವ ಎದುರುಮನೆಯ ಬೋರವ್ವನ ಅಂಗಳದಲ್ಲಿ ನೂಲು ಒಣಹಾಕುತ್ತಿದ್ದಳು. ಶಿವರಾತ್ರಿಗೆ ಬೋರವ್ವನ ಮಗ ಆಟೋ ತಂದು ಆ ಅಂಗಳದಲ್ಲಿ ನಿಲ್ಲಿಸಿದ. ಅತ್ತ ಮದುವೆ ಸೀಸನ್ನು, ಸೀರೆಗೆ ಎಲ್ಲಿಲ್ಲದ ಬೇಡಿಕೆ, ಗಂಜಿ ಹಾಕಿದ ನೂಲು ರಾಶಿ ರಾಶಿ. ಒಂದು ದಿನ ಪದ್ಮವ್ವ ಗಾಜಿನ ಹಲಗೆ ಮುಟ್ಟಿ ನೋಡಿದಳು. ಕಾದ ಹೆಂಚೇ! ಸುತ್ತಿಟ್ಟ ಕೆಂಪು ನೂಲಿನ ಒಂದು ಲಡಿ ಬಿಚ್ಚಿ ಹಾಸಿದಳು. ಅರ್ಧ ತಾಸಿನಲ್ಲಿ ಗರಿಗರಿ ಒಣಗಿತು. ಮರುದಿನ ಬೋರವ್ವನೂ ತನ್ನ ನೂಲು ತಂದಳು. ಸಣ್ಣ ಪ್ಯಾನಲ್ಲೂ ಖಾಲಿ ಉಳಿಯಲಿಲ್ಲ.

ಸಿಕ್ಕಿಬೀಳುವ ಭಯವೂ ಇರಲಿಲ್ಲ. ಕರೆಂಟು ಇದ್ದಾಗ ಗಿರಮಲ್ಲಪ್ಪ ಕೆಳಗೆ ಮಗ್ಗದ ಮುಂದೆ, ಕರೆಂಟು ಹೋದರಷ್ಟೇ ಉಷ್ಣಮಾಪಕ ಹಿಡಿದು ಮೇಲೆ. ಮಗ್ಗಗಳ ಖಟಖಟ ನಿಂತು ಓಣಿ ಗಪ್ಪಾದ ಕೂಡಲೇ ಇಬ್ಬರೂ ಲಡಿಗಳನ್ನು ಬಾಚಿ ಬುಟ್ಟಿಗೆ ತುರುಕುತ್ತಿದ್ದರು. ಅವನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಗಾಜು ಖಾಲಿ, ಬೋರವ್ವ ಆಕಾಶ ನೋಡುತ್ತ ನಿಂತಿರುತ್ತಿದ್ದಳು.

ಯುಗಾದಿ ಅಮವಾಸ್ಯೆಯ ಹಿಂದಿನ ದಿನ ಲೆಕ್ಕ ತಪ್ಪಿತು. ಅವತ್ತು ಮುಂಜಾನೆ ಪದ್ಮವ್ವ ಏಳು ಸೀರೆಗಾಗುವಷ್ಟು ನೂಲಿಗೆ ಗಂಜಿ ಹಾಕಿದ್ದೇ ತಡ, ಕರೆಂಟು ಹೋಯಿತು, ಸಂಜೆವರೆಗೆ ಬರಲಿಲ್ಲ. ಗಿರಮಲ್ಲಪ್ಪ ದಿನವಿಡೀ ಮಾಳಿಗೆಯ ಮೇಲೆ ಕೊಡೆ ಬಿಚ್ಚಿಕೊಂಡು ಕುಳಿತ. ನೀರು ಅರವತ್ತೆಂಟು ಮುಟ್ಟಿತು! ಅವನು ಕುಣಿಯುವುದೊಂದು ಬಾಕಿ. ಮರುದಿನ ಅಮವಾಸ್ಯೆ, ಮಗ್ಗಗಳಿಗೆ ರಜೆ. ಖುಷಿಯ ಭರದಲ್ಲಿ ಅವನೊಂದು ಘನಕಾರ್ಯ ಮಾಡಿದ. ಹಬ್ಬಕ್ಕೆ ಹಳೇ ನೀರು ಯಾಕೆ ಎಂದು ಮುಂಜಾನೆ ಇಡೀ ಟ್ಯಾಂಕು ಖಾಲಿ ಮಾಡಿ, ತಿಕ್ಕಿ ತೊಳೆದು, ಹೊಸ ನೀರು ತುಂಬಿಸಿ ಮತ್ತೆ ಕಾವಲಿಗೆ ಕುಳಿತ.

ಮಧ್ಯಾಹ್ನದ ಹೊತ್ತಿಗೆ ಒಂದು ಹುಳಿ ವಾಸನೆ ಮೇಲಕ್ಕೆ ಬಂತು. ಹಿಂದೆಯೇ ಪದ್ಮವ್ವ ಒದ್ದೆ ನೂಲಿನ ಬುಟ್ಟಿ ಹೊತ್ತು ಬಂದು ಅವನ ಮುಂದೆ ಕುಕ್ಕಿದಳು.

“ಏನ ನಾತ ಇದು?”

“ನಿನ್ನಿ ಗಂಜಿ ಹಾಕಿದ್ದ ನೂಲ್ರಿ. ಇವತ್ತ ಒಣಗಲಿಲ್ಲಂದ್ರ ಕೊಳೀತೈತಿ. ಏಳು ಸೀರಿ ಹೋಕ್ಕಾವು.”

“ಒಣಗಸು ಮತ್ತ! ನಾ ಏನ ಬ್ಯಾಡಂದ್ನೇನು?”

“ಎಲ್ಲೆ ಒಣಗಸ್ಲಿ? ನೀವು ಕುಂತದ್ದು ನೂಲಿನ ಜಾಗಾದಾಗ್ರಿ.”

ಆಮೇಲೆ ಎಲ್ಲ ಹೊರಬಿತ್ತು. ಗಾಜು, ಕೆಂಪು ಹನಿ, ಬೋರವ್ವನ ಆಕಾಶ. ಗಿರಮಲ್ಲಪ್ಪನ ಮುಖ ನೂಲಿಗಿಂತ ಕೆಂಪಾಯಿತು. ಸುಮ್ಮನೆ ಬೈಸಿಕೊಂಡ ಹುಡುಗರೆಲ್ಲ ಒಬ್ಬೊಬ್ಬರಾಗಿ ಕಣ್ಣೆದುರು ಬಂದರು.

“ನಿಮ್ಮ ಸೋಲಾರ್ ಭಾಳ ಛಲೋ ಐತ್ರಿ,” ಎಂದಳು ಪದ್ಮವ್ವ. ಅದು ಖರೆ ಹೊಗಳಿಕೆಯೇ. “ಆದ್ರ ನನ್ನ ಗಳಾ ಕೀಳೂಮುಂದ ಒಂದ ಮಾತ ಕೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ತು?”

ತಪ್ಪು ತನ್ನದೇ ಎಂದು ಗೊತ್ತಾದಾಗ ಅವನಿಗೆ ಯಾವಾಗಲೂ ಮೀಸೆ ತುರಿಸುತ್ತಿತ್ತು, ಈಗಲೂ ತುರಿಸಿತು. ಗಾಜು ನೋಡಿದ, ಬುಟ್ಟಿ ನೋಡಿದ, ನೆತ್ತಿಯ ಮೇಲಿದ್ದ ಸೂರ್ಯನನ್ನು ನೋಡಿದ. ಇರುವುದು ಒಂದೇ ಮಧ್ಯಾಹ್ನ. ಬಿಸಿಲು ನೀರಿಗೆ ಹೋದರೆ ಮೀಸೆ ಉಳಿಯುತ್ತದೆ, ನೂಲಿಗೆ ಹೋದರೆ ಏಳು ಸೀರೆ. ಮೀಸೆಯನ್ನು ಒಮ್ಮೆ ಕೊನೆಯ ಸಲ ಎಂಬಂತೆ ಹುರಿ ಮಾಡಿ, ಎದ್ದು ಹೋಗಿ, ಮೊದಲ ಲಡಿಯನ್ನು ತಾನೇ ಹಲಗೆಯ ಮೇಲೆ ಹಾಸಿದ. ಹಾಸಿದ್ದು ಸೊಟ್ಟಗಿತ್ತು, ಪದ್ಮವ್ವ ಅದನ್ನು ಸರಿಮಾಡಿದಳು.

ಹೊಳಬಸಪ್ಪನ ಪರಿವಾರ ಬಂದಿಳಿದದ್ದು ಕತ್ತಲಾದ ಮೇಲೆ. ಅಷ್ಟರಲ್ಲಿ ನೂಲು ಒಣಗಿ ಒಳಗೆ ಸೇರಿತ್ತು. ಯುಗಾದಿಯ ಮುಂಜಾನೆ ಬಕೆಟ್ಟಿಗೆ ಬೇವಿನೆಲೆ ಬಿತ್ತು, ಸರದಿ ಶುರುವಾಯಿತು. ಮೊದಲಿನ ಮೂವರು ಬೆಚ್ಚಗೆ ಮಿಂದರು. ನಾಲ್ಕನೆಯವರು ಮಿಂದು ಬಂದು ಬಿಸಿಲಿಗೆ ಹೋಗಿ ನಿಂತರು, ಐದು ಮತ್ತು ಆರನೆಯವರು ಬೇಗ ಬೇಗ ಹೊರಗೆ ಬಂದರು. ಏಳನೆಯವನಾಗಿ ಹೊಳಬಸಪ್ಪ ಒಳಗೆ ಹೋದ.

“ಅಯ್ಯಯ್ಯಯ್ಯೋ!” ಎಂಬ ಕೂಗು ಓಣಿಯ ಆ ತುದಿಗೂ ಕೇಳಿಸಿತು.

ಟವೆಲ್ಲು ಸುತ್ತಿಕೊಂಡು, ಕಿವಿಯ ಮೇಲೊಂದು ಬೇವಿನೆಲೆ ಅಂಟಿಸಿಕೊಂಡು ಅವನು ಹೊರಗೆ ಬಂದ. “ಏನಾತ್ರಿ ನಿಮ್ಮ ಸೋಲಾರಿಗೆ?”

ಎದುರುಮನೆಯಿಂದ ಬೋರವ್ವ ಬಾಯಿ ತೆರೆದಳು. ಗಿರಮಲ್ಲಪ್ಪ ಅವಳತ್ತ ಕಣ್ಣು ಬಿಟ್ಟು, “ನಿನ್ನಿ ಮೋಡ ಇತ್ತು,” ಎಂದ. ಎಲ್ಲರೂ ತಲೆಯೆತ್ತಿ ನೋಡಿದರು. ಬನಹಟ್ಟಿಯ ಮೇಲೆ ಹದಿನೈದು ದಿನದಿಂದ ಒಂದು ತುಣುಕು ಮೋಡವೂ ಹಾಯ್ದಿರಲಿಲ್ಲ. ಪದ್ಮವ್ವ ಒಂದು ಗಳಿಗೆ ಅವನನ್ನೇ ನೋಡಿ, ಹಿತ್ತಲ ಕಡೆಗೆ ಹೋದಳು.

ಗಿರಮಲ್ಲಪ್ಪ ಟ್ಯಾಂಕಿನ ಸ್ಟ್ಯಾಂಡಿಗೆ ಕನ್ನಡಿ ನೇತುಹಾಕಿ, ತಣ್ಣೀರಿನಲ್ಲಿ ಸಾಬೂನು ಹಚ್ಚಿ ಮೀಸೆ ಬೋಳಿಸಿದ. ಹಿತ್ತಲಿನಿಂದ ಫಟ್ ಫಟ್ ಎಂಬ ಸದ್ದು ಬರುತ್ತಿತ್ತು. ಯಾರೋ ಪಟಾಕಿ ಹಾರಿಸುತ್ತಿದ್ದಾರೆ, ತನ್ನ ಮೀಸೆ ಹೋದದ್ದಕ್ಕೇ ಇರಬೇಕು ಎಂದುಕೊಂಡ. ಅವನು ಕೆಳಗಿಳಿದಾಗ ತಂಗಿಯ ಸಣ್ಣ ಮಗಳು, “ಇವ್ರು ಯಾರವ್ವಾ?” ಎಂದು ಕೇಳಿದಳು. ಹೊಳಬಸಪ್ಪ ನಗಲು ಹೋಗಿ, ಆ ಬರಿ ತುಟಿ ನೋಡಿ ಪಾಪ ಎನ್ನಿಸಿ ಸುಮ್ಮನಾದ.

ಇನ್ನು ಸ್ನಾನ ಉಳಿದದ್ದು ಅವನೊಬ್ಬನದೇ. ಎಂಟನೆಯ ಸರದಿ. ಈ ಮನೆಯ ಯಜಮಾನನಾಗಿಯೂ ಕೊನೆಗೆ ಆ ಎರಡು ತಂಬಿಗೆ ತಪ್ಪಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬರುವಂತಾಯಿತು. ಟವೆಲ್ಲು ಹೆಗಲಿಗೆ ಹಾಕಿ ಹಿತ್ತಲಿನ ಬಚ್ಚಲಿಗೆ ಹೋಗಿ ಬಾಗಿಲು ತಳ್ಳಿದ. ಒಳಗೆ ಏನೂ ಕಾಣದಷ್ಟು ಹಬೆ. ಅದರ ನಡುವೆ ಹಳೇ ತಾಮ್ರದ ಹಂಡೆ ಕಂಠಮಟ್ಟ ತುಂಬಿ ಕುದಿಯುತ್ತಿತ್ತು, ಪದ್ಮವ್ವ ಒಲೆಗೆ ಉರಿ ಹಚ್ಚುತ್ತ ಕುಳಿತಿದ್ದಳು. ಒಲೆಯಲ್ಲಿ ಫಟ್ ಎಂದು ಸಿಡಿಯುತ್ತಿದ್ದವು ಅವಳ ಬಿದಿರು ಗಳಗಳು.

“ಗಳಾ ಯಾಕ ಸುಡಾಕತ್ತಿ? ನಾಳಿ ನಾನ ಮತ್ತ ಹುಗದ ಕೊಡ್ತಿದ್ನಿ.”

“ಇನ್ನ ಯಾಕ ಬೇಕ್ರಿ?” ಎಂದಳು ಅವಳು, ಹೊಗೆಗೆ ಕಣ್ಣೊರೆಸಿಕೊಳ್ಳುತ್ತ. “ಹಲಗಿ ಐತೆಲ್ಲಾ.”

ಅವತ್ತು ಗಿರಮಲ್ಲಪ್ಪ ಒಂದು ತಾಸು ಮಿಂದ. ಹೊರಗೆ ಬಂದು ಗೋಡೆಯ ಮೇಲಿನ ಸುಣ್ಣದ ಅಕ್ಷರ ಅಳಿಸಿದ. ಆಮೇಲೆ ನೋಟುಬುಕ್ ತೆಗೆದು ಎರಡು ಹೊಸ ಸಾಲು ಸೇರಿಸಿ ಬರೆದ: ನೀರು, ನಲವತ್ತು. ಫ್ಯಾನು, ಅರ್ಧ ತಾಸು. ನೂಲು, ಏಳು ಸೀರೆಯದು, ಪೂರಾ ಒಣಗಿತು. ಮೀಸೆ, ಸದ್ಯಕ್ಕಿಲ್ಲ.